ಸಹಾಯ ಬೇಕು: ಮೂರು ನಿಮಿಷದಲ್ಲಿ ನನ್ನ ಸಂಶೋಧನೆ ಹೇಳಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮಲ್ಲಿ ‘ತ್ರೀ ಮಿನಿಟ್ ಥೀಸಿಸ್’ ಸ್ಪರ್ಧೆ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು ಇದು. ಚಲನೆಯಿಲ್ಲದ ಒಂದೇ ಸ್ಲೈಡ್. ಮೂರು ನಿಮಿಷ ಮೀರಿದರೆ ಅನರ್ಹ. ಕೇಳುವವರು ನನ್ನ ವಿಷಯ ಓದಿದವರಲ್ಲ.

ಕೊಳೆರೋಗಕ್ಕೆಂದು ವರ್ಷವರ್ಷವೂ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣದ ತಾಮ್ರವು ಅಡಿಕೆ ತೋಟದ ಮಣ್ಣಿನಲ್ಲಿ ಉಳಿದು, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಏನು ಮಾಡುತ್ತದೆ ಎಂಬುದು ನನ್ನ ಸಂಶೋಧನೆ. ಮೊದಲ ನಿಮಿಷವೆಲ್ಲ ವಿಧಾನ ವಿವರಿಸುವುದರಲ್ಲೇ ಕಳೆದುಹೋಗುತ್ತಿದೆ. ಅದನ್ನು ಬಿಟ್ಟು, ಮಳೆಗಾಲಕ್ಕೆ ಮುಂಚೆ ಮರವೇರಿ ಗೊನೆಗೆ ಔಷಧಿ ಹೊಡೆಯುವ ಅಪ್ಪನಿಂದ ಆರಂಭಿಸಲೇ? ಆ ಚಿತ್ರ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಆದರೆ ಅಡಿಕೆ ಮರವನ್ನೇ ನೋಡದವರಿಗೆ ಅದು ತಲುಪುತ್ತದೆಯೇ?

ವಿಜ್ಞಾನ ಓದದ ಯಾರಾದರೂ ಫೋನಿನಲ್ಲಿ ನನ್ನ ಮಾತು ಕೇಳಿ, ಎಲ್ಲಿ ಅರ್ಥವಾಗಲಿಲ್ಲ ಎಂದು ನೇರವಾಗಿ ಹೇಳುತ್ತೀರಾ? ಸಂಜೆ ಏಳರ ನಂತರ ಯಾವಾಗಲಾದರೂ ಸರಿ.