ಎರಡು ಪಿಸಿ ನಡುವಿನ ಲ್ಯಾನ್ ಲಿಂಕ್ ಆಗಾಗ ಬೀಳುತ್ತಿದೆ, ಗಮನಿಸುವುದು ಹೇಗೆ?

ತಂತಿಪಾಡು:
ಮನೆಯ ಎರಡು ಪಿಸಿಗಳ ನಡುವೆ ಲ್ಯಾನ್ ಹಾಕಿದ್ದೇನೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಮಧ್ಯದಲ್ಲಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮುಂದುವರಿಯುತ್ತದೆ, ಆದರೆ ಆಮೇಲೆ ಆಮೆ ವೇಗ. ಆಚೆ ಪಿಸಿ ಉತ್ತರಿಸುತ್ತದಾ ಅಂತ ನೋಡುವ ಪಿಂಗ್ ಹಾಕಿಟ್ಟಿದ್ದೇನೆ. ಟೈಮ್‌ಔಟ್ ಬಂತು ಅಂತ ಕಾಣುತ್ತದೆ, ಅಷ್ಟೇ. ಯಾವ ಕಡೆ ಬಿತ್ತು, ಯಾಕೆ ಬಿತ್ತು, ಏನೂ ತಿಳಿಯುವುದಿಲ್ಲ. ದಿನವಿಡೀ ಇದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಇದ್ದರೆ ಹೇಳಿ. ತಲೆ ಕೆಟ್ಟುಹೋಗಿದೆ. ಡ್ರೈವರ್ ಅಪ್‌ಡೇಟ್ ಮಾಡಿ ಆಗಿದೆ, ಮತ್ತೆ ಅದನ್ನೇ ಹೇಳಬೇಡಿ.

ಬೆಂಕಿಗೋಡೆ:
ಫೈರ್‌ವಾಲ್. ನೂರಕ್ಕೆ ನೂರು. ನೆಟ್‌ವರ್ಕ್ ಪಬ್ಲಿಕ್ ಪ್ರೊಫೈಲ್‌ನಲ್ಲಿರುತ್ತದೆ, ಪ್ರೈವೇಟ್ ಮಾಡಿ.

ತಂತಿಪಾಡು:
ಪ್ರೈವೇಟ್‌ನಲ್ಲೇ ಇದೆ. ಫೈರ್‌ವಾಲ್ ಆಫ್ ಮಾಡಿದರೂ ಅದೇ ಕಥೆ.

ಬೆಂಕಿಗೋಡೆ:
ಇನ್ನೊಂದು ಪಿಸಿಯಲ್ಲಿ? ಆಂಟಿವೈರಸ್ ಜೊತೆ ಬರುವ ಫೈರ್‌ವಾಲ್ ಬೇರೆಯೇ ಇರುತ್ತದೆ. ಅದನ್ನೂ ತೆಗೆಯಿರಿ.

ಎಂಟುತಂತಿ:
ಅರ್ಧ ಫೈಲ್ ದಾಟಿಸಿ, ಒಂದು ಕ್ಷಣ ತಡೆದು, ಮತ್ತೆ ನಿಧಾನಕ್ಕೆ ಬಿಡುವುದು ಫೈರ್‌ವಾಲ್‌ನ ಲಕ್ಷಣವಲ್ಲ. ನಡುವೆ ಸ್ವಿಚ್ ಇದೆಯಾ, ನೇರ ಕೇಬಲ್ಲಾ? ಯಾವ ಓಎಸ್? ಆಮೆ ವೇಗ ಅಂದರೆ ಸೆಕೆಂಡಿಗೆ ಎಷ್ಟು?

ತಂತಿಪಾಡು:
ನೇರ ಕೇಬಲ್. ಒಂದರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್. ಐಪಿ ಕೈಯಾರೆ ಕೊಟ್ಟಿದ್ದೇನೆ. ಮೊದಲು 110 ಎಂಬಿ ಆಸುಪಾಸು, ನಿಂತು ಮುಂದುವರಿದ ಮೇಲೆ 11.

ಹಳೇಲಿಂಕ್:
ನೇರ ಜೋಡಿಸಲು ಕ್ರಾಸ್ ಕೇಬಲ್ ಬೇಕಲ್ವಾ?

ಎಂಟುತಂತಿ:
ಗಿಗಾಬಿಟ್ ಪೋರ್ಟ್‌ಗಳಿಗೆ ಬೇಡ, ತಾವೇ ಹೊಂದಿಸಿಕೊಳ್ಳುತ್ತವೆ. ಅದೂ ಅಲ್ಲದೆ 110 ಎಂಬಿ ಬರುತ್ತಿದೆ ಅಂದಮೇಲೆ ಆ ಪ್ರಶ್ನೆಯೇ ಇಲ್ಲ.

ನೋಡಬೇಕಾದ್ದು 110 ಹೋಗಿ 11 ಆಗಿರುವುದನ್ನು. ಸೆಕೆಂಡಿಗೆ 110 ಮೆಗಾಬೈಟ್ ಅಂದರೆ ಗಿಗಾಬಿಟ್ ಲಿಂಕ್‌ನ ವೇಗ, 11 ಅಂದರೆ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲಿಂಕ್‌ನದು. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಯೂ ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಅಂದರೆ 1, 2, 3, 6ನೇ ಪಿನ್. ಉಳಿದ 4, 5, 7, 8ರಲ್ಲಿ ಒಂದೇ ಒಂದು ಕೈಕೊಟ್ಟರೂ ಲಿಂಕ್ ಬಿದ್ದು, ಎದ್ದು, 100ಕ್ಕೆ ಇಳಿಯಬಹುದು.

ಪಿಂಗ್‌ನಿಂದ ಇದು ಗೊತ್ತಾಗುವುದಿಲ್ಲ. ಲಿನಕ್ಸ್ ಕಡೆ ಒಂದು ಟರ್ಮಿನಲ್‌ನಲ್ಲಿ ‘ಐಪಿ ಮಾನಿಟರ್ ಲಿಂಕ್’ ಓಡಲಿ. ಲಿಂಕ್ ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ವೇಗದಲ್ಲಿ ಎದ್ದಿತು ಅನ್ನುವುದು ಕರ್ನಲ್ ಲಾಗ್‌ನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂಯರ್‌ನ ಸಿಸ್ಟಮ್ ಲಾಗ್ ನೋಡಿ. ನೇರ ಕೇಬಲ್ ಆದ್ದರಿಂದ ಲಿಂಕ್ ಎರಡೂ ಕಡೆ ಒಟ್ಟಿಗೇ ಬೀಳುತ್ತದೆ. ದಿಕ್ಕು ತಿಳಿಯಲು ಸಿಆರ್‌ಸಿ ಎರರ್ ಎಣಿಕೆ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ (ಡೇಟಾ ತುಣುಕುಗಳ) ಎಣಿಕೆ ಬೇಕು, ಅದನ್ನು ಲಿನಕ್ಸ್‌ನ ಈಥ್‌ಟೂಲ್ ಕಮಾಂಡ್ ಕೊಡುತ್ತದೆ. ಎಣಿಕೆ ಎಷ್ಟಿದೆ ಅನ್ನುವುದಕ್ಕಿಂತ ಕಾಪಿ ನಡೆಯುವಾಗ ಏರುತ್ತಿದೆಯಾ ಅನ್ನುವುದು ಮುಖ್ಯ.

ಪ್ಯಾಕೆಟ್‌ಪ್ರಿಯ:
ಇಷ್ಟೆಲ್ಲಾ ಯಾಕೆ? ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ, ಎಲ್ಲಾ ಕಾಣುತ್ತದೆ.

ಎಂಟುತಂತಿ:
ಕಾಣುವುದಿಲ್ಲ. ಕೆಟ್ಟ ಫ್ರೇಮ್‌ಗಳನ್ನು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡ್ ಅಲ್ಲೇ ಬಿಸಾಡುತ್ತದೆ. ವೈರ್‌ಶಾರ್ಕ್‌ವರೆಗೆ ಅವು ಬರುವುದೇ ಇಲ್ಲ.

ಪ್ಯಾಕೆಟ್‌ಪ್ರಿಯ:
ರೀಟ್ರಾನ್ಸ್‌ಮಿಶನ್, ಅಂದರೆ ಮತ್ತೆ ಕಳಿಸಿದ ಪ್ಯಾಕೆಟ್, ಕಾಣುತ್ತಲ್ಲ? ಅದು ಸಾಕ್ಷಿ ಅಲ್ವಾ? ವೈರ್‌ಶಾರ್ಕ್ ಕಲಿಯದೆ ನೆಟ್‌ವರ್ಕ್ ಬಗ್ಗೆ ಮಾತಾಡುವವರು ಜಾಸ್ತಿ ಆಗಿದ್ದಾರೆ.

ಎಂಟುತಂತಿ:
ಪ್ಯಾಕೆಟ್ ಕಳೆದುಹೋಯಿತು ಅನ್ನುವುದಕ್ಕೆ ಸಾಕ್ಷಿ. ಯಾಕೆ ಕಳೆಯಿತು ಅನ್ನುವುದಕ್ಕೆ ಅಲ್ಲ. ಇವರು ಕೇಳುತ್ತಿರುವುದು ಯಾಕೆ ಅಂತ.

ಹತ್ತುಗಿಗಾ:
ನಾನು ಎರಡೂ ಪಿಸಿಗೆ 10 ಗಿಗಾಬಿಟ್ ಕಾರ್ಡ್ ಹಾಕಿ ನಡುವೆ ಫೈಬರ್ ಎಳೆದಿದ್ದೇನೆ. ವೇಗ ಅಳೆಯುವ ಐಪರ್ಫ್3ರಲ್ಲಿ 9.4 ಗಿಗಾಬಿಟ್ ಬರುತ್ತದೆ. ಅಂಕಿಅಂಶ ಕೂಡಿಡುವ ಪ್ರೊಮೀಥಿಯಸ್, ಅದನ್ನು ಗ್ರಾಫ್ ಆಗಿ ತೋರಿಸುವ ಗ್ರಫಾನಾ ಎರಡೂ ಇವೆ. ಲಿಂಕ್ ಎಷ್ಟು ಸಲ ಬಿದ್ದೆದ್ದಿತು ಅನ್ನುವ ಗ್ರಾಫ್ ಕೂಡ ಇದೆ, ಅದು ಮಾತ್ರ ಅಲುಗಾಡುವುದೇ ಇಲ್ಲ.

ಬೆಂಕಿಗೋಡೆ:
ಡ್ಯಾಶ್‌ಬೋರ್ಡ್ ಚಿತ್ರ ಹಾಕಿ. ಕಾರ್ಡ್ ಬಿಸಿ ಆಗುವುದಿಲ್ವಾ?

ಹತ್ತುಗಿಗಾ:
ಎದುರಿಗೊಂದು ಫ್ಯಾನ್ ಇಟ್ಟಿದ್ದೇನೆ. ಚಿತ್ರ ಸಂಜೆ ಹಾಕುತ್ತೇನೆ.

ತಂತಿಪಾಡು:
ಲಾಗ್ ಸಿಕ್ಕಿತು. 9:42:17ಕ್ಕೆ ಲಿಂಕ್ ಡೌನ್. 9:42:23ಕ್ಕೆ ಲಿಂಕ್ ಅಪ್, 100 ಎಂಬಿಪಿಎಸ್, ಫುಲ್ ಡ್ಯುಪ್ಲೆಕ್ಸ್. ಬೀಳುವ ಮುಂಚೆ ಲಿನಕ್ಸ್ ಕಡೆ ಸಿಆರ್‌ಸಿ ಎರರ್ ಸರಸರ ಏರಿದೆ. ಆದರೆ ಕೇಬಲ್ ಹೊಸದು!

ಹಳೇಲಿಂಕ್:
ಪವರ್ ಉಳಿಸುವ ಸೆಟ್ಟಿಂಗ್ ಇರಬಹುದು. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಆಫ್ ಮಾಡಿ.

ಎಂಟುತಂತಿ:
ಅದರಿಂದ ಲಿಂಕ್ ಬೀಳುವುದುಂಟು, ಆಫ್ ಮಾಡಿ ನೋಡಿದರೆ ನಷ್ಟವಿಲ್ಲ. ಆದರೆ ಎರರ್ ಏರಿ, ವೇಗ 100ಕ್ಕೆ ಇಳಿದಿದೆ ಅಂದರೆ ನನ್ನ ಅನುಮಾನ ತಂತಿಯ ಮೇಲೇ.

ಹೊಸ ಕೇಬಲ್ ಅಂದಮಾತ್ರಕ್ಕೆ ಒಳ್ಳೆಯ ಕೇಬಲ್ ಅಂತಲ್ಲ. ಹೊರಕವಚದ ಮೇಲೆ ಸಿಸಿಎ ಅಂತ ಇದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಮಡಚಿದರೆ ಬೇಗ ಮುರಿಯುತ್ತದೆ. ನಿಮ್ಮ ಲಿನಕ್ಸ್ ಕರ್ನಲ್ 5.8 ಅಥವಾ ಅದಕ್ಕಿಂತ ಹೊಸದಾಗಿದ್ದು, ಕಾರ್ಡ್‌ನ ಚಿಪ್‌ಗೂ ಆ ಸೌಲಭ್ಯ ಇದ್ದರೆ, ಈಥ್‌ಟೂಲ್‌ನಲ್ಲೇ ಕೇಬಲ್ ಟೆಸ್ಟ್ ಮಾಡಬಹುದು. ಯಾವ ಜೋಡಿ, ಎಷ್ಟು ಮೀಟರ್ ದೂರದಲ್ಲಿ ಕಡಿದಿದೆ ಅಂತ ತೋರಿಸುತ್ತದೆ. ಟೆಸ್ಟ್ ನಡೆಯುವಾಗ ಲಿಂಕ್ ಕಡಿದುಹೋಗುತ್ತದೆ, ಕಾಪಿ ನಿಲ್ಲಿಸಿ ಮಾಡಿ.

ತಂತಿಪಾಡು:
ಟೆಸ್ಟ್ ಓಡಿತು. ಎ, ಬಿ, ಸಿ ಜೋಡಿ ಓಕೆ. ಡಿ ಜೋಡಿ ಓಪನ್ ಸರ್ಕಿಟ್, 4 ಮೀಟರ್. ಟೇಪು ಹಿಡಿದು ಅಳೆದರೆ ಆ ಜಾಗ ಸರಿಯಾಗಿ ಬಾಗಿಲ ಸಂದಿಗೆ ಬರುತ್ತದೆ. ಬಾಗಿಲು ತೆರೆದು ಮತ್ತೆ ಓಡಿಸಿದರೆ ನಾಲ್ಕೂ ಓಕೆ! ಮುಚ್ಚಿದರೆ ಮತ್ತೆ ಡಿ ಓಪನ್. ಕೇಬಲ್ ಬದಲಾಯಿಸಿ ಬೇರೆ ದಾರಿಯಲ್ಲಿ ಎಳೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್.

ಬೆಂಕಿಗೋಡೆ:
ಒಳ್ಳೆಯದಾಯಿತು. ಆಂಟಿವೈರಸ್ ಫೈರ್‌ವಾಲ್ ಆದರೂ ಒಮ್ಮೆ ನೋಡಿಬಿಡಿ.

ಮಿನುಗುದೀಪ:
ನನಗೂ ಇದೇ ತೊಂದರೆ, ಆದರೆ ನಡುವೆ ಸ್ವಿಚ್ ಇದೆ. ಎರಡೂ ಪಿಸಿಯಲ್ಲಿ ಲಿಂಕ್ 1000 ಅಂತಲೇ ತೋರಿಸುತ್ತದೆ, ಕಾಪಿ ಮಾತ್ರ ನಿಲ್ಲುತ್ತದೆ.

ಎಂಟುತಂತಿ:
ಪಿಸಿ ತೋರಿಸುವುದು ಸ್ವಿಚ್‌ವರೆಗಿನ ಲಿಂಕ್ ಮಾತ್ರ, ಆಚೆ ಪಿಸಿಯವರೆಗಿನದಲ್ಲ. ಎರಡು ಕೇಬಲ್ಲನ್ನೂ ಬೇರೆಬೇರೆಯಾಗಿ ನೋಡಬೇಕು. ಸ್ವಿಚ್ ಮ್ಯಾನೇಜ್ಡ್ (ಒಳಹೊಕ್ಕು ಸೆಟ್ಟಿಂಗ್, ಎಣಿಕೆ ನೋಡಬಹುದಾದದ್ದು) ಆಗಿದ್ದರೆ ಅದರ ಪೋರ್ಟ್‌ಗಳ ಎರರ್ ಎಣಿಕೆಯನ್ನೂ ಹಾಕಿ. ಹೊಸ ಚರ್ಚೆ ತೆರೆದರೆ ಒಳ್ಳೆಯದು.