ಎದುರಾಳಿಯ ಸಮಯ ಮುಗಿದರೂ ಡ್ರಾ! ವಿಶ್ವಕೋಶದಲ್ಲಿ ಬೇರೆಯೇ ಇದೆಯಲ್ಲ?

ಕಾಲಾಳು64:
ನಮಸ್ಕಾರ. ನಿನ್ನೆ ರಾತ್ರಿ ಒಂದು ಆನ್‌ಲೈನ್ ಚೆಸ್ ತಾಣದಲ್ಲಿ, ಮೂರು ನಿಮಿಷದ ಬ್ಲಿಟ್ಜ್ (ಅತಿವೇಗದ) ಆಟದಲ್ಲಿ ಹೀಗಾಯಿತು. ನನ್ನದು ಬಿಳಿ: ರಾಜ ಸಿ1, ಕುದುರೆ ಬಿ4. ಎದುರಾಳಿಯದು ಕಪ್ಪು: ರಾಜ ಎ1, ಒಂದೇ ಒಂದು ಕಾಲಾಳು ಎ3. ನಡೆ ಅವರದು. ಅವರ ಗಡಿಯಾರ ಸೊನ್ನೆ ಮುಟ್ಟಿತು, ಗೆದ್ದೆನೆಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪರದೆ ನೋಡಿದರೆ 'ಡ್ರಾ' ಎಂದಿದೆ! ಗೆಲ್ಲಲು ಸಾಕಾಗುವಷ್ಟು ಕಾಯಿ ನನ್ನ ಬಳಿ ಇರಲಿಲ್ಲವಂತೆ.

ಆ್ಯಪ್ ಅಪ್‌ಡೇಟ್ ಮಾಡಿದೆ, ಲಾಗ್ಔಟ್ ಆಗಿ ಮತ್ತೆ ಒಳಗೆ ಬಂದೆ. ಫಲಿತಾಂಶ ಕದಲಲಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಒಂದು ವಿಶ್ವಕೋಶದಲ್ಲಿ 'ಎದುರಾಳಿಯ ಸಮಯ ಮುಗಿದರೆ ಆಟ ಗೆದ್ದಂತೆ' ಎಂದು ಸ್ಪಷ್ಟವಾಗಿದೆ. ಆ ಪುಟವನ್ನೇ ತಾಣದ ಸಹಾಯ ವಿಭಾಗಕ್ಕೆ ಕಳುಹಿಸಿದೆ. ಅವರು ತಮ್ಮ ನಿಯಮದ ಪುಟವನ್ನು ನನಗೆ ಕಳುಹಿಸಿದರು. ಇದು ತಾಂತ್ರಿಕ ದೋಷವೇ? ಯಾರಿಗೆ ದೂರು ಕೊಡಲಿ?

ಒಂಟೆಸವಾರ:
ದೋಷವಲ್ಲ. ಬರೀ ಕುದುರೆಯಿಂದ ಚೆಕ್‌ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ದಾಳಿ) ಮಾಡಲಾಗದು. ಡ್ರಾ ಸರಿಯಾಗಿಯೇ ಇದೆ.

ಹಳೆಯ ಗಡಿಯಾರ:
ಒಂಟೆಸವಾರರೇ, ತುಸು ನಿಧಾನಿಸಿ. ಮಣೆಯ ಮೇಲೆ ಕಾಯಿ ಇಟ್ಟು ನೋಡಿದಿರಾ? ಕಪ್ಪು ರಾಜ ಎ2ಕ್ಕೆ ಹೋಗುವಂತಿಲ್ಲ, ಬಿ4ರ ಕುದುರೆ ಕಾಯುತ್ತಿದೆ. ಬಿ1, ಬಿ2 ಎರಡೂ ಬಿಳಿ ರಾಜನ ಹಿಡಿತದಲ್ಲಿವೆ. ಉಳಿಯುವುದು ಕಾಲಾಳನ್ನು ಎ2ಕ್ಕೆ ತಳ್ಳುವ ಒಂದೇ ನಡೆ. ಆಮೇಲೆ ಕುದುರೆ ಸಿ2ಕ್ಕೆ ಜಿಗಿದರೆ ಮುಗಿಯಿತು, ಚೆಕ್‌ಮೇಟ್. ತನ್ನ ಕಾಲಾಳೇ ರಾಜನ ದಾರಿಗೆ ಅಡ್ಡ. ಇದಕ್ಕೆ 'ಸ್ಟಾಮ್ಮಾ ಮೇಟ್' ಎಂಬ ಹೆಸರೇ ಇದೆ. ಅಲೆಪ್ಪೋದಲ್ಲಿ ಹುಟ್ಟಿದ ಫಿಲಿಪ್ ಸ್ಟಾಮ್ಮಾ 18ನೆಯ ಶತಮಾನದಲ್ಲೇ ಇದನ್ನು ತೋರಿಸಿಕೊಟ್ಟಿದ್ದರು.

ನಾನು ಊರಿನ ಟೂರ್ನಿಗಳಲ್ಲಿ ತೀರ್ಪುಗಾರನಾಗಿ ಕೂರುವವನು. ಇದೇ ಸ್ಥಿತಿ ನನ್ನ ಮೇಜಿನ ಮುಂದೆ ಬಂದಿದ್ದರೆ ಬಿಳಿಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮ 6.9ರ ಪ್ರಕಾರ ಸಮಯ ಮುಗಿದವನು ಸೋತ. ಎದುರಾಳಿ ಯಾವ ನ್ಯಾಯಬದ್ಧ ನಡೆಗಳ ಸರಣಿಯಿಂದಲೂ ಚೆಕ್‌ಮೇಟ್ ಮಾಡಲು ಸಾಧ್ಯವೇ ಇಲ್ಲ ಎಂದಾದರೆ ಮಾತ್ರ ಡ್ರಾ. 'ಸಾಧ್ಯವೇ' ಎಂದರೆ ಸೋಲುವವನು ಮೂರ್ಖನಂತೆ ಆಡಿದರೂ ಸರಿ, ಸಾಧ್ಯವಿದ್ದರೆ ಸಾಕು. 2019ರ ಡಿಸೆಂಬರ್‌ನಲ್ಲಿ ಮಾಸ್ಕೋದ ವಿಶ್ವ ಬ್ಲಿಟ್ಜ್ ಟೂರ್ನಿಯಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಬಳಿ ಉಳಿದಿದ್ದದ್ದು ರಾಜ ಮತ್ತು ಒಂದು ಒಂಟೆ ಅಷ್ಟೇ. ಎದುರಾಳಿ ಫಿರೂಜಾ ಬಳಿ ಒಂಟೆಯ ಜೊತೆಗೆ ಕಾಲಾಳುಗಳೂ ಇದ್ದವು. ಫಿರೂಜಾ ಸಮಯ ಮುಗಿಯಿತು, ಗೆಲುವು ಕಾರ್ಲ್‌ಸನ್‌ಗೆ ಹೋಯಿತು, ಮೇಲ್ಮನವಿಯೂ ಬಿದ್ದುಹೋಯಿತು.

ಅಮೆರಿಕದ ಚೆಸ್ ಸಂಸ್ಥೆಯ ಪದ್ಧತಿ ಬೇರೆ. ಅಲ್ಲಿ ರಾಜ ಮತ್ತು ಒಂದೇ ಕುದುರೆ, ಅಥವಾ ರಾಜ ಮತ್ತು ಒಂದೇ ಒಂಟೆ ಇದ್ದವನಿಗೆ ಸಮಯದ ಮೇಲೆ ಗೆಲುವಿಲ್ಲ. ಆದರೆ ಆ ನಿಯಮಕ್ಕೂ ಒಂದು ಬಾಲವಿದೆ: ತಡೆಯಲಾಗದ ಗೆಲುವು ಮಣೆಯ ಮೇಲಿದ್ದರೆ ಗೆಲುವೇ. ನಿಮ್ಮದು ಅಂಥದ್ದೇ! ಈ ಜಾಡಿನಲ್ಲಿ ನಡೆಯುವ ತಾಣಗಳ ಪ್ರೋಗ್ರಾಂ ಈ ಬಾಲವನ್ನು ಬಿಟ್ಟು ಬರೀ ಕಾಯಿ ಎಣಿಸುತ್ತದೆ, ಮಣೆಯನ್ನು ಓದುವುದಿಲ್ಲ. ಲಿಚೆಸ್ ಎಂಬ ಇನ್ನೊಂದು ತಾಣದಲ್ಲಿ ಆಡಿದ್ದರೆ ಇದೇ ಆಟ ನಿಮಗೆ ಗೆಲುವಾಗುತ್ತಿತ್ತು. ಏನೇ ಇದ್ದರೂ ತಾಣ ತನ್ನ ನಿಯಮವನ್ನು ಮೊದಲೇ ಬರೆದಿಟ್ಟಿದೆ, ನೀವು ಒಪ್ಪಿ ಆಡಿದ್ದೀರಿ. ದೂರಿಗೆ ಬಲವಿಲ್ಲ.

ಒಂಟೆಸವಾರ:
ತಪ್ಪಾಯಿತು, ಕಾಯಿ ಇಟ್ಟು ನೋಡಿರಲಿಲ್ಲ. ಮೂರು ಬಾರಿ ಒಂದೇ ಸ್ಥಿತಿ ಬಂದಾಗಲೂ ಹೀಗೆಯೇ ಎಡವಿದ್ದೆ. ಚೆಸ್.ಕಾಮ್‌ನಲ್ಲಿ ತಾನಾಗಿಯೇ ಡ್ರಾ ಆಗುತ್ತದೆ. ಲಿಚೆಸ್‌ನಲ್ಲಿ ತಾನಾಗಿ ಡ್ರಾ ಕೇಳುವಂತೆ ಸೆಟ್ಟಿಂಗ್ ಇಟ್ಟಿರದಿದ್ದರೆ ನಾವೇ ಕೇಳಬೇಕು. ಕೇಳದೆ ಆಡುತ್ತಾ ಹೋಗಿ ಸೋತೆ.

ಕಾಲಾಳು64:
ಹಾಗಾದರೆ ವಿಶ್ವಕೋಶದ ಪುಟ ಸುಳ್ಳೇ? ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಸಿಟ್ಟಿನಲ್ಲಿ ಆ ಪುಟಕ್ಕೆ 'ಆನ್‌ಲೈನ್ ಚೆಸ್‌ನಲ್ಲಿ ಒಂದು ಕುದುರೆ ಇದ್ದವರಿಗೆ ಯಾವಾಗಲೂ ಡ್ರಾ' ಎಂದು ನಾನೇ ಒಂದು ಸಾಲು ಸೇರಿಸಿದೆ. ಅದು ಇನ್ನೂ ಅಲ್ಲಿಯೇ ಇದೆ.

ಅಡಿಟಿಪ್ಪಣಿ:
ಅಯ್ಯೋ, ಮೊದಲು ಅದನ್ನು ತೆಗೆಯಿರಿ! ನೀವು ಹೋಗುವ ವಿಶ್ವಕೋಶ ಯಾವುದೋ ತಿಳಿಯದು. ನಾನು ಬಿಡುವಿನಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಕೆಲಸ ಮಾಡುವವನು, ಅಲ್ಲಿನ ಅಭ್ಯಾಸ ಹೇಳುತ್ತೇನೆ.

ಆ ಪುಟದ ವಾಕ್ಯ ಸುಳ್ಳಲ್ಲ, ಅರ್ಧ. ಯಾರ ನಿಯಮ ಎಂಬುದೂ ಇಲ್ಲ, ವಿನಾಯಿತಿಯೂ ಇಲ್ಲ. ಇಂಥ ವಾಕ್ಯ ಕಂಡಾಗ ನಾನು ಮೊದಲು ನೋಡುವುದು ಪಕ್ಕದಲ್ಲಿ ಉಲ್ಲೇಖದ ಸಣ್ಣ ಅಂಕಿ ಇದೆಯೇ ಎಂದು. ಇದ್ದರೆ ಒತ್ತಿ, ಮೂಲದಲ್ಲಿ ಅದೇ ಮಾತು ಇದೆಯೇ ಎಂದು ಓದುತ್ತೇನೆ, ಏಕೆಂದರೆ ಉಲ್ಲೇಖ ಒಂದು ಹೇಳಿ ವಾಕ್ಯ ಇನ್ನೊಂದು ಹೇಳುವುದೂ ಉಂಟು. ಆಮೇಲೆ ಪುಟದ ಇತಿಹಾಸ ತೆರೆದು ಆ ಸಾಲು ಎಂದು ಬಂತು, ಯಾರಾದರೂ ಪ್ರಶ್ನಿಸಿದ್ದಾರೆಯೇ ಎಂದು ಹುಡುಕುತ್ತೇನೆ. ಚರ್ಚೆ ಪುಟದಲ್ಲಿ ಕೆಲವೊಮ್ಮೆ ಲೇಖನಕ್ಕಿಂತ ಹೆಚ್ಚು ಸತ್ಯ ಸಿಗುತ್ತದೆ. ಕನ್ನಡದ ಪುಟ ಮತ್ತು ಇಂಗ್ಲಿಷಿನ ಪುಟ ಬೇರೆ ಬೇರೆ ಜನ ಬರೆದವು, ಒಂದರ ತಿದ್ದುಪಡಿ ಇನ್ನೊಂದಕ್ಕೆ ತಾನಾಗಿ ಹೋಗದು.

2005ರಲ್ಲಿ 'ನೇಚರ್' ಪತ್ರಿಕೆ 42 ವಿಜ್ಞಾನ ವಿಷಯಗಳನ್ನು ತಜ್ಞರಿಂದ ಓದಿಸಿದಾಗ ವಿಕಿಪೀಡಿಯದಲ್ಲಿ ಲೇಖನಕ್ಕೆ ಸುಮಾರು ನಾಲ್ಕು ತಪ್ಪು, ಬ್ರಿಟಾನಿಕಾ ವಿಶ್ವಕೋಶದಲ್ಲಿ ಸುಮಾರು ಮೂರು ಸಿಕ್ಕವು. ಬ್ರಿಟಾನಿಕಾ ಅದನ್ನು ಒಪ್ಪಲಿಲ್ಲ, ಅದು ಬೇರೆ ಜಗಳ. ಆದರೆ ಸರಾಸರಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ದೂರಿನಲ್ಲಿ ಅಂಟಿಸಿದ ಆ ಒಂದು ಸಾಲನ್ನು ಅದು ಕಾಪಾಡುವುದಿಲ್ಲ. ತನ್ನನ್ನೇ ಆಧಾರವಾಗಿ ಉಲ್ಲೇಖಿಸಬೇಡಿ ಎಂದು ವಿಕಿಪೀಡಿಯವೇ ತನ್ನ ಸಂಪಾದಕರಿಗೆ ಹೇಳುತ್ತದೆ.

ನಿಮ್ಮ ಸಾಲಿನ ಅಪಾಯ ನೋಡಿ. ನಾಳೆ ಯಾರೋ ಬ್ಲಾಗಿನವರು ಅದನ್ನು ನಕಲು ಮಾಡುತ್ತಾರೆ. ನಾಡಿದ್ದು ಇನ್ನೊಬ್ಬ ಸಂಪಾದಕ ಆ ಬ್ಲಾಗನ್ನೇ ಉಲ್ಲೇಖವಾಗಿ ನಿಮ್ಮ ಸಾಲಿಗೆ ಅಂಟಿಸುತ್ತಾನೆ. ನಿಮ್ಮ ನಿನ್ನೆಯ ಸಿಟ್ಟಿಗೆ ಆಧಾರವೂ ಸಿಕ್ಕಿತು!

ಸಹಾಯ ವಿಭಾಗಕ್ಕೆ ಬರೆಯುವುದಾದರೆ ಫಿಡೆಯ ಮೂಲ ನಿಯಮವನ್ನೂ ತಾಣದ ನಿಯಮವನ್ನೂ ಪಕ್ಕಪಕ್ಕ ಇಟ್ಟು, ನಿಯಮ ಬದಲಿಸಿ ಎಂದು ಸಲಹೆಯಾಗಿ ಬರೆಯಿರಿ. ಫಲಿತಾಂಶ ಬದಲಿಸಿ ಎಂದಲ್ಲ.

ಕಾಲಾಳು64:
ನನ್ನ ಸಾಲನ್ನು ಅಳಿಸಿದೆ. ಹಳೆಯ ವಾಕ್ಯದ ಬಗ್ಗೆ ಚರ್ಚೆ ಪುಟದಲ್ಲಿ 6.9ರ ಉಲ್ಲೇಖದೊಂದಿಗೆ ಒಂದು ಟಿಪ್ಪಣಿ ಹಾಕಿದ್ದೇನೆ, ನನ್ನ ಆಟದ ಕಥೆ ಸೇರಿಸಲಿಲ್ಲ. ಇತಿಹಾಸದಲ್ಲಿ ನೋಡಿದರೆ ಆ ವಾಕ್ಯದಲ್ಲಿ ಮೊದಲು ವಿನಾಯಿತಿ ಇತ್ತು. 'ಸರಳಗೊಳಿಸಲಾಗಿದೆ' ಎಂಬ ಟಿಪ್ಪಣಿಯೊಂದಿಗೆ ಯಾರೋ ಕತ್ತರಿಸಿದ್ದಾರೆ.

ಹಳೆಯ ಗಡಿಯಾರ:
ಇನ್ನು ಮೇಲೆ ನಡೆಗೆ ಎರಡು ಸೆಕೆಂಡ್ ಸೇರುವ ಆಟ ಆಡಿ. ಎದುರಾಳಿಗೆ ಆ ಎರಡು ಸೆಕೆಂಡ್ ಇದ್ದಿದ್ದರೆ ಕಾಲಾಳು ತಳ್ಳುತ್ತಿದ್ದರು, ನೀವು ಮೇಟ್ ಮಾಡುತ್ತಿದ್ದಿರಿ.

ಕಾಲಾಳು64:
ಈಗಷ್ಟೇ ಕಂಪ್ಯೂಟರಿನ ಎದುರು ಅದೇ ಸ್ಥಿತಿ ಇಟ್ಟು ಆಡಿದೆ. ಕಾಲಾಳು ಎ2, ಕುದುರೆ ಸಿ2. 'ಪರಿಹಾರವಾಗಿದೆ' ಎಂದು ಗುರುತು ಹಾಕುತ್ತಿದ್ದೇನೆ. ಆ ಅರ್ಧ ಅಂಕ ಮಾತ್ರ ಬರಲಿಲ್ಲ.