ಗಂಧದ ‘ಸ್ಪೈಕ್’ ರೋಗಕ್ಕೆ ನಮ್ಮ ಮಾತು ಯಾವುದು?

ಸಾಗರದ ಹತ್ತಿರ ನಮ್ಮ ಮನೆ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ಒಂದಿದೆ. ಹೋದ ತಿಂಗಳು ನೋಡಿದರೆ ಒಂದು ಕೊಂಬೆಯ ಎಲೆಗಳೆಲ್ಲ ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿ, ಸೂಜಿ ಚುಚ್ಚಿಟ್ಟ ಹಾಗೆ ಕಾಣುತ್ತಿತ್ತು. ಪಕ್ಕದ ಕೊಂಬೆಯ ಎಲೆ ಎಂದಿನಂತೆ ಅಗಲವಾಗಿಯೇ ಇತ್ತು. ದೊಡ್ಡಪ್ಪ ಮುಟ್ಟಿ ನೋಡಿ, “ಸೆಟೆದುಬಿಟ್ಟಿದೆ ಮಾರಾಯ, ಇನ್ನು ಹಣ್ಣು ಬಿಡೂದಿಲ್ಲ” ಅಂದರು.

ಇದು 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗ. ಬಹಳ ಕಾಲ ವೈರಸ್ ಅಂದುಕೊಂಡಿದ್ದರು. ಆಮೇಲೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅಂತ ಗೊತ್ತಾಯಿತು. ರಸ ಹೀರುವ ಜಿಗಿಹುಳುಗಳು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತವೆ. ರೋಗ ಹತ್ತಿದ ಮರ ಎರಡು ಮೂರು ವರ್ಷದಲ್ಲಿ ಒಣಗುತ್ತದೆ. ಕಳ್ಳರು ಕಡಿದ ಗಂಧದ ಮಾತು ಎಲ್ಲರೂ ಆಡುತ್ತಾರೆ, ರೋಗ ತಿಂದ ಗಂಧದ ಮಾತು ಕಡಿಮೆ. ಬಾಯಿಗೆ ಬರುವ ಹೆಸರಿಲ್ಲದ್ದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ನೋಡಿ, ಅಡಿಕೆಯ ಕೊಳೆರೋಗ ಇಂಗ್ಲಿಷ್ ಪುಸ್ತಕದಲ್ಲೂ ಕೊಳೆರೋಗವೇ. ಏಲಕ್ಕಿಯ ಕಟ್ಟೆ ಅಲ್ಲೂ ಕಟ್ಟೆಯೇ. ಹಿಡಿಮುಂಡಿಗೆ ಅಂದರೆ ಸಾಕು, ಮುದುಡಿದ ಅಡಿಕೆ ತಲೆ ಕಣ್ಣಿಗೆ ಬರುತ್ತದೆ. ನಮ್ಮ ನಾಡಿನ ಗಂಧಕ್ಕೆ ಮಾತ್ರ ಸ್ಪೈಕ್!

ಇಂಗ್ಲಿಷಿನ ಸ್ಪೈಕ್ ಅಂದರೆ ತೆನೆ, ಮೊನೆ ಎರಡೂ ಹೌದು. ‘ಕದಿರು ರೋಗ’ ಅನ್ನಬಹುದಿತ್ತು, ಆದರೆ ಕದಿರು ಅಂದರೆ ಭತ್ತದ ತೆನೆ ನೆನಪಾಗುತ್ತದೆ. ‘ಮೊನೆರೋಗ’ ಸುಮ್ನೆ ಕಟ್ಟಿದ ಹಾಗಿದೆ. ದೊಡ್ಡಪ್ಪನ ‘ಸೆಟೆ’ ನನಗೆ ಹಿಡಿಸಿತು. ಚಳಿಗೆ ಕೈ ಸೆಟೆಯುತ್ತದೆ, ಸತ್ತ ಹಕ್ಕಿಯ ಕಾಲು ಸೆಟೆಯುತ್ತದೆ. ಬಿಗಿತ, ಸಾವು ಎರಡೂ ಆ ಮಾತಿನಲ್ಲಿದೆ. ಆದರೆ ‘ಎದೆ ಸೆಟೆಸಿ ನಿಂತ’ ಅಂದರೆ ಕೆಚ್ಚು ಅಲ್ವಾ? ‘ಸೆಟೆರೋಗ’ ಅಂದರೆ ಕೇಳಿದವರಿಗೆ ಯಾವ ಅರ್ಥ ಮೊದಲು ಬರುತ್ತದೆ?

ಈಗ ಕೇಳುವುದಕ್ಕೆ ಕಾರಣವಿದೆ. ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಿಂದ ಜಮೀನಿನ ಗಂಧ ಜಮೀನಿನವರದೇ ಆದ ಮೇಲೆ, ಆಸರೆಗೆ ತೊಗರಿ ಇಟ್ಟು ಗಂಧ ನೆಡುವವರು ಜಾಸ್ತಿಯಾಗಿದ್ದಾರೆ. ಪಕ್ಕದ ಗಿಡದ ಬೇರಿಗೆ ಬೇರು ಕಚ್ಚಿಸಿ ಬದುಕುವ ಮರ ಅದು. ಬೇಲಿಯಲ್ಲಿ ಅದನ್ನು ಬಿತ್ತುವುದು ಪಿಕಳಾರ, ಕೋಗಿಲೆ. ಸೆಟೆದ ಮರ ಹಣ್ಣು ಬಿಡದಿದ್ದರೆ ಅವು ಏನನ್ನು ಬಿತ್ತಬೇಕು? ಮೊದಲ ಕೊಂಬೆಯಲ್ಲೇ ಗುರುತಿಸಿ ಪಕ್ಕದ ಮನೆಯವರಿಗೆ ಕೂಗಿ ಹೇಳಲು ಒಂದು ಮಾತು ಬೇಕು.

ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆ ಹಿರಿಯರ ಬಾಯಲ್ಲಿ ಬೇರೆ ಹೆಸರಿತ್ತೇ? ಚೇಗು, ಅಂದರೆ ಮರದ ಒಳತಿರುಳು, ನೋಡಿ ಮರ ಆರಿಸುತ್ತಿದ್ದ ಗಂಧದ ಕೆತ್ತನೆಯ ಗುಡಿಗಾರರು ಇಂಥ ಮರವನ್ನು ಏನೆನ್ನುತ್ತಿದ್ದರು? ಕೇಳಿದ್ದರೆ ಪದವಷ್ಟೇ ಅಲ್ಲ, ಅವರು ಆಡಿದ ಮಾತನ್ನು ಪೂರ್ತಿ ಬರೆಯಿರಿ.